ಜಾನ್ ಮೂರ್ ಅವರ ಗುಲ್ಮ ಯಾರದು?

1976ರ ಅಕ್ಟೋಬರ್ 19. ಅಮೆರಿಕದ ಲಾಸ್ ಏಂಜಲೀಸ್ ನಗರದ ಯುಸಿಎಲ್‌ಎ ಆಸ್ಪತ್ರೆಯಲ್ಲಿ ಜಾನ್ ಮೂರ್ ಎಂಬ ರೋಗಿ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಆಪರೇಷನ್ ಮಾಡಿ ಗುಲ್ಮ ತೆಗೆಯಬಹುದು ಎಂಬ ಕಾಗದ ಅದು. ಮರುದಿನವೇ ಆಪರೇಷನ್ ಆಯಿತು. ಮೂರ್ ಬದುಕಿಕೊಂಡರು.

ಆ ಕಾಗದದಲ್ಲಿ ಇಲ್ಲದ ಒಂದು ವಿಷಯ ಇನ್ನೊಂದು ಕಾಗದದಲ್ಲಿ ಇತ್ತು. ತೆಗೆದ ಗುಲ್ಮದ ಒಂದು ಭಾಗವನ್ನು ಬೇರೆ ಸಂಶೋಧನಾ ಘಟಕಕ್ಕೆ ಕೊಂಡೊಯ್ಯಬೇಕು ಎಂದು ವೈದ್ಯರು ಅಕ್ಟೋಬರ್ 18 ಮತ್ತು 19ರಂದು ಲಿಖಿತ ಸೂಚನೆ ಕೊಟ್ಟಿದ್ದರು. ಹಾಗೆಂದು ಮುಂದೆ ಮೂರ್ ಸಲ್ಲಿಸಿದ ದೂರಿನಲ್ಲಿದೆ. ಅವರಿಗೆ ಆಗ ಇದನ್ನು ಯಾರೂ ಹೇಳಿರಲಿಲ್ಲ. ಆ ತುಂಡಿನ ಕಥೆ ಪ್ರಯೋಗಾಲಯದಿಂದ ಪೇಟೆಂಟಿಗೆ, ಪೇಟೆಂಟಿನಿಂದ ಕಂಪನಿಗೆ, ಕಂಪನಿಯಿಂದ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿಗೆ ಹೋಯಿತು. ಹದಿನಾಲ್ಕು ವರ್ಷ ಹಿಡಿಯಿತು.

ಗುಲ್ಮ ಎಂದರೆ ನಮ್ಮ ಎಡ ಪಕ್ಕೆಲುಬುಗಳ ಕೆಳಗೆ ಅಡಗಿರುವ ಅಂಗ. ಹಳೆಯದಾದ ರಕ್ತಕಣಗಳನ್ನು ಸೋಸುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿಗೆ ಠಾಣೆಯಂತೆ ಇರುತ್ತದೆ. ಹಿಂದೆ ಮಲೇರಿಯಾ ಬಂದವರ ಗುಲ್ಮ ಉಬ್ಬಿದಾಗ ಹಿರಿಯರು ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಆರೋಗ್ಯವಂತರಲ್ಲಿ ಇದರ ತೂಕ ಕಾಲು ಕೆಜಿಯೊಳಗೆ. ಮೂರ್ ಅವರದು ಆರು ಕೆಜಿ ದಾಟಿತ್ತು.

ಮೂರ್ ಅಲಾಸ್ಕಾದಲ್ಲಿ ಹಾಕುತ್ತಿದ್ದ ದೊಡ್ಡ ಎಣ್ಣೆ ಪೈಪ್‌ಲೈನ್ ಕೆಲಸದಲ್ಲಿ ಸರ್ವೆಯರ್ ಆಗಿದ್ದರು. ದಿನಕ್ಕೆ ಹನ್ನೆರಡು ಗಂಟೆ ದುಡಿತ. ವಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಊದಿದ ಹೊಟ್ಟೆ. ಪರೀಕ್ಷೆ ಮಾಡಿದಾಗ ಗೊತ್ತಾದದ್ದು ಹೇರಿ ಸೆಲ್ ಲ್ಯುಕೇಮಿಯಾ ಎಂಬ ಅಪರೂಪದ ರಕ್ತ ಕ್ಯಾನ್ಸರ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಟ್ಟ ಜೀವಕೋಶಗಳ ಸುತ್ತ ಕೂದಲು ಎದ್ದಂತೆ ಕಾಣುತ್ತದೆ, ಅದಕ್ಕೇ ಆ ಹೆಸರು. 1958ರಲ್ಲಿ ಅಮೆರಿಕದ ಒಹಾಯೊದಲ್ಲಿ ಬರ್ಥಾ ಬುರಾಂಕ್ಲ್ ಎಂಬ ವೈದ್ಯೆ ಮತ್ತು ಸಂಗಡಿಗರು ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿದ್ದರು. 1976ರಲ್ಲಿ ಇದಕ್ಕೆ ಒಳ್ಳೆಯ ಔಷಧವೇ ಇರಲಿಲ್ಲ. ಗುಲ್ಮ ತೆಗೆಯುವುದೊಂದೇ ನಂಬಿಕೆಯ ದಾರಿ. ಹಾಗಾಗಿ ಆಪರೇಷನ್ ಬೇಡದ ಆಪರೇಷನ್ ಆಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಮೂರ್ ಅವರೂ ವೈದ್ಯರ ಮೇಲೆ ಆ ಆರೋಪ ಹೊರಿಸಲಿಲ್ಲ.

ವೈದ್ಯರ ಹೆಸರು ಡಾ. ಡೇವಿಡ್ ಗೋಲ್ಡಿ. ರಕ್ತದ ಕಾಯಿಲೆಗಳಲ್ಲಿ ಹೆಸರು ಮಾಡಿದವರು, ಸಂಶೋಧಕರೂ ಹೌದು. ಮೂರ್ ಅವರ ಗುಲ್ಮದಲ್ಲಿ ಅವರಿಗೆ ಕಂಡದ್ದು ಏನು ಎಂದು ತಿಳಿಯದೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಅದಕ್ಕೆ ಸ್ವಲ್ಪ ವಿಜ್ಞಾನದ ಕಡೆ ಹೋಗಬೇಕು.

ನಮ್ಮ ಮೈಯಲ್ಲಿ ಬಿಳಿ ರಕ್ತಕಣಗಳು ಒಂದಕ್ಕೊಂದು ಸುದ್ದಿ ಕಳಿಸುತ್ತಲೇ ಇರುತ್ತವೆ. ಬಾಯಿ ಇಲ್ಲ, ಆದ್ದರಿಂದ ಪ್ರೋಟೀನಿನ ಸಣ್ಣ ಸಣ್ಣ ಕಣಗಳನ್ನು ಹೊರಗೆ ಬಿಡುತ್ತವೆ. ಗಾಯದಲ್ಲಿ ಕೀವು ಆದಾಗ "ಇಲ್ಲಿ ಶತ್ರು ಇದ್ದಾನೆ, ಬನ್ನಿ" ಎಂದು ಕರೆಯುವುದು, ಜ್ವರ ಏರಿಸುವುದು, ಮೂಳೆಯೊಳಗಿನ ಮಜ್ಜೆಗೆ "ಇನ್ನಷ್ಟು ಸೈನಿಕರನ್ನು ತಯಾರು ಮಾಡಿ" ಎಂದು ಹೇಳುವುದು, ಎಲ್ಲ ಮುಗಿದ ಮೇಲೆ "ಸಾಕು, ನಿಲ್ಲಿಸಿ" ಎನ್ನುವುದು, ಇವೆಲ್ಲ ಆ ಪ್ರೋಟೀನುಗಳ ಕೆಲಸ. 1969ರಲ್ಲಿ ಇವಕ್ಕೆ ಲಿಂಫೋಕೈನ್ ಎಂದು ಹೆಸರಿಟ್ಟರು. ಲಿಂಫೋಸೈಟುಗಳಷ್ಟೇ ಅಲ್ಲ, ಬೇರೆ ಜೀವಕೋಶಗಳೂ ಇಂಥವನ್ನು ಬಿಡುತ್ತವೆ ಎಂದು ಗೊತ್ತಾದ ಮೇಲೆ 1974ರಲ್ಲಿ ಸೈಟೊಕೈನ್ ಎಂಬ ದೊಡ್ಡ ಹೆಸರು ಬಂತು. ಕೊರೊನಾ ಕಾಲದಲ್ಲಿ ಟಿವಿಯಲ್ಲಿ 'ಸೈಟೊಕೈನ್ ಸ್ಟಾರ್ಮ್' ಎಂದು ಕೇಳಿದ್ದು ನೆನಪಿರಬಹುದು. ಅದೇ ಸೈಟೊಕೈನ್, ಹದ್ದು ಮೀರಿದಾಗ.

ಸೈನಿಕರನ್ನು ತಯಾರು ಮಾಡಿ ಎಂದು ಮಜ್ಜೆಗೆ ಹೇಳುವ ಸೈಟೊಕೈನ್‌ಗಳನ್ನು ಹುಡುಕುವ ಕೆಲಸ 1960ರ ದಶಕದಲ್ಲೇ ಶುರುವಾಗಿತ್ತು. ಇಸ್ರೇಲಿನಲ್ಲಿ ಲಿಯೊ ಸ್ಯಾಕ್ಸ್ ಅವರ ತಂಡ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೇ ಬ್ರಾಡ್ಲಿ ಮತ್ತು ಡೊನಾಲ್ಡ್ ಮೆಟ್‌ಕಾಫ್, ಇವರು 1965 ಮತ್ತು 1966ರಲ್ಲಿ ಇಲಿಯ ಮಜ್ಜೆಯ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ತೋರಿಸಿದರು. ಯಾವುದೋ ಒಂದು ವಸ್ತು ಸಿಕ್ಕರೆ ಮಾತ್ರ ಆ ಕೋಶಗಳು ಗುಂಪು ಗುಂಪಾಗಿ ಬೆಳೆಯುತ್ತಿದ್ದವು. ಸಿಗದಿದ್ದರೆ ಸಾಯುತ್ತಿದ್ದವು. ಆ ವಸ್ತು ಏನು? ಅದನ್ನು ಬೇರ್ಪಡಿಸುವುದೇ ಕಷ್ಟ. ಮೈಯಲ್ಲಿ ಅದು ಇರುವುದೇ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಮೆಲ್ಬರ್ನ್‌ನವರು ಇಲಿಗಳ ಶ್ವಾಸಕೋಶ ಬಳಸಿ ವರ್ಷಗಟ್ಟಲೆ ಕುಳಿತು 1977ರಲ್ಲಿ ಒಂದನ್ನು ಶುದ್ಧಗೊಳಿಸಿದರು. ಅದರ ಹೆಸರು ಜಿಎಂ-ಸಿಎಸ್‌ಎಫ್. ಆದರೆ ಅದು ಇಲಿಯದು. ಮನುಷ್ಯನ ಜಿಎಂ-ಸಿಎಸ್‌ಎಫ್ ಬೇಕಾದರೆ ಎಲ್ಲಿಂದ ತರುವುದು? ಒಣ ಬಾವಿಯ ತಳದಲ್ಲಿ ಜಿನುಗುವ ನೀರನ್ನು ಚಮಚದಲ್ಲಿ ತುಂಬಿ ಕೊಡ ಮಾಡಿದ ಹಾಗೆ.

ಇಂಥ ಹೊತ್ತಿನಲ್ಲಿ ಗೋಲ್ಡಿಯವರ ಕೈಗೆ ಮೂರ್ ಅವರ ಗುಲ್ಮ ಸಿಕ್ಕಿತು.

ಹೇರಿ ಸೆಲ್ ಲ್ಯುಕೇಮಿಯಾದಲ್ಲಿ ಕೆಡುವುದು ಸಾಮಾನ್ಯವಾಗಿ ಬಿ ಎಂಬ ಜಾತಿಯ ಲಿಂಫೋಸೈಟ್. ಮೂರ್ ಅವರಲ್ಲಿ ಕೆಟ್ಟದ್ದು ಟಿ ಲಿಂಫೋಸೈಟ್. ಮೊದಲೇ ಅಪರೂಪದ ರೋಗ, ಅದರಲ್ಲೂ ಅಪರೂಪದ ಬಗೆ. ಈ ಕೋಶಗಳು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಸಾಯದೆ ಬೆಳೆಯುತ್ತಾ ಹೋದವು. ಸಾಮಾನ್ಯ ಜೀವಕೋಶಗಳು ಹೊರಗೆ ಹೆಚ್ಚು ದಿನ ಉಳಿಯುವುದಿಲ್ಲ. ಇವು ಉಳಿದವು, ಪೀಳಿಗೆಯ ಮೇಲೆ ಪೀಳಿಗೆ ಇಟ್ಟವು. ಹೀಗೆ ನಿಲ್ಲದೆ ಬೆಳೆಯುವ ಕೋಶಗಳ ಸಂತತಿಗೆ ಸೆಲ್ ಲೈನ್ ಎನ್ನುತ್ತಾರೆ. 1979ರ ಆಗಸ್ಟಿಗೆ ಮೊದಲೇ ಇದು ಸಿದ್ಧವಾಗಿತ್ತು. ಹೆಸರು 'ಮೋ'. ಮೂರ್ ಅನ್ನುವ ಹೆಸರಿನ ಮೊದಲೆರಡು ಅಕ್ಷರ.

ಬೆಳೆದದ್ದಷ್ಟೇ ಅಲ್ಲ, ಮೋ ಕೋಶಗಳು ಸೈಟೊಕೈನ್‌ಗಳನ್ನು ಅಳತೆ ಮೀರಿ ಸುರಿಸುತ್ತಿದ್ದವು. ಯಾರೂ ಕೇಳದೆ, ಯಾವ ಸೋಂಕೂ ಇಲ್ಲದೆ. ಅವುಗಳಲ್ಲಿ ಮನುಷ್ಯನ ಜಿಎಂ-ಸಿಎಸ್‌ಎಫ್ ಕೂಡ ಇತ್ತು. ಚಮಚದಲ್ಲಿ ತುಂಬುತ್ತಿದ್ದವರಿಗೆ ಬೋರ್‌ವೆಲ್ ಸಿಕ್ಕಿತು ಎನ್ನಿ.

ಕಾಲವೂ ಹಾಗೇ ಕೂಡಿಬಂತು. 1980ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮನುಷ್ಯ ಮಾರ್ಪಡಿಸಿದ ಜೀವಿಗೂ ಪೇಟೆಂಟ್ ಕೊಡಬಹುದು ಎಂದು ತೀರ್ಪು ಕೊಟ್ಟಿತು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ರೂಪಿಸಿದ ಆ ವಿಜ್ಞಾನಿ ನಮ್ಮ ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಬೇ-ಡೋಲ್ ಕಾಯ್ದೆ, ಸರ್ಕಾರದ ಹಣದಲ್ಲಿ ಮಾಡಿದ ಸಂಶೋಧನೆಗೂ ವಿಶ್ವವಿದ್ಯಾಲಯಗಳು ಪೇಟೆಂಟ್ ಪಡೆದು ಕಂಪನಿಗಳಿಗೆ ಕೊಡಬಹುದು ಎಂದಿತು. ಮುಂದಿನ ತಿಂಗಳು, 1981ರ ಜನವರಿ 30ರಂದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮೋ ಕೋಶಗಳ ಮೇಲೆ ಪೇಟೆಂಟಿಗೆ ಅರ್ಜಿ ಹಾಕಿತು. ಸಂಶೋಧಕರಾಗಿ ಗೋಲ್ಡಿ ಮತ್ತು ಅವರ ಸಹೋದ್ಯೋಗಿ ಶರ್ಲಿ ಕ್ವಾನ್ ಅವರ ಹೆಸರು.

ಹಣದ ಲೆಕ್ಕ ಕೋರ್ಟಿನ ದಾಖಲೆಯಲ್ಲಿದೆ. ಜೆನೆಟಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಕಂಪನಿ ಗೋಲ್ಡಿಯವರನ್ನು ಸಂಬಳದ ಸಲಹೆಗಾರರನ್ನಾಗಿ ಮಾಡಿಕೊಂಡಿತು, 75,000 ಷೇರುಗಳ ಹಕ್ಕು ಕೊಟ್ಟಿತು. ಮೂರು ವರ್ಷದಲ್ಲಿ ಅವರಿಗೂ ವಿಶ್ವವಿದ್ಯಾಲಯಕ್ಕೂ ಸೇರಿ ಕನಿಷ್ಠ 3,30,000 ಡಾಲರ್ ಕೊಡಲು ಒಪ್ಪಿತು. 1982ರ ಜೂನ್‌ನಲ್ಲಿ ಸ್ಯಾಂಡೋಜ್ ಎಂಬ ಔಷಧ ಕಂಪನಿ ಸೇರಿಕೊಂಡು ಇನ್ನೂ 1,10,000 ಡಾಲರ್ ಹೆಚ್ಚಾಯಿತು. ಲಿಂಫೋಕೈನ್‌ಗಳ ಮಾರುಕಟ್ಟೆ 1990ರ ಹೊತ್ತಿಗೆ 300 ಕೋಟಿ ಡಾಲರ್ ಮುಟ್ಟಬಹುದು ಎಂಬ ಅಂದಾಜೂ ಓಡಾಡುತ್ತಿತ್ತು.

ಮೂರ್ ಇಷ್ಟು ಹೊತ್ತು ಎಲ್ಲಿದ್ದರು? ಸಿಯಾಟಲ್‌ನಲ್ಲಿ. ಆಪರೇಷನ್ ಆದ ಮೇಲೆ 1976ರ ನವೆಂಬರ್‌ನಿಂದ 1983ರ ಸೆಪ್ಟೆಂಬರ್‌ವರೆಗೆ ಅವರು ಮತ್ತೆ ಮತ್ತೆ ಲಾಸ್ ಏಂಜಲೀಸ್‌ಗೆ ಹೋಗಿಬಂದರು. ಎರಡೂ ಊರಿಗೆ ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು ದೂರ. ಪ್ರತಿ ಸಲ ರಕ್ತ, ಸೀರಮ್, ಚರ್ಮ, ಮಜ್ಜೆ, ವೀರ್ಯ, ಹೀಗೆ ಏನಾದರೊಂದು ಮಾದರಿ ತೆಗೆದುಕೊಳ್ಳುತ್ತಿದ್ದರು. ಆರೋಗ್ಯದ ಸಲುವಾಗಿ ಇದು ಬೇಕು, ಇಲ್ಲೇ ಆಗಬೇಕು, ಗೋಲ್ಡಿಯವರ ಉಸ್ತುವಾರಿಯಲ್ಲೇ ಆಗಬೇಕು ಎಂದು ತಮಗೆ ಹೇಳಿದ್ದಾಗಿ ಮೂರ್ ದೂರಿನಲ್ಲಿ ಬರೆದಿದ್ದಾರೆ. ಕ್ಯಾನ್ಸರ್ ಬಂದು ಉಳಿದ ಮನುಷ್ಯ. ದೊಡ್ಡ ಡಾಕ್ಟರು ಬಾ ಎಂದರೆ ಹೋಗದೆ ಇರುತ್ತಾರೆಯೇ? ನಮ್ಮ ಮನೆಗಳಲ್ಲೂ ಯಾರೂ ಇರುವುದಿಲ್ಲ.

ಅನುಮಾನ ಬಂದದ್ದು 1983ರಲ್ಲಿ, ಒಂದು ಫಾರಂನಿಂದ. ನಿಮ್ಮ ರಕ್ತ ಅಥವಾ ಮಜ್ಜೆಯಿಂದ ಮುಂದೆ ಬೆಳೆಸುವ ಸೆಲ್ ಲೈನ್ ಅಥವಾ ಬೇರೆ ಉತ್ಪನ್ನದ ಮೇಲೆ ನಿಮಗೂ ನಿಮ್ಮ ವಾರಸುದಾರರಿಗೂ ಇರಬಹುದಾದ ಹಕ್ಕನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ ಅದರಲ್ಲಿತ್ತು. 'ಕೊಡುತ್ತೇನೆ', 'ಕೊಡುವುದಿಲ್ಲ', ಎರಡರಲ್ಲಿ ಒಂದಕ್ಕೆ ಸುತ್ತು ಹಾಕಬೇಕು. ಮೊದಲ ಸಲ ಮೂರ್ 'ಕೊಡುತ್ತೇನೆ' ಎಂಬುದಕ್ಕೆ ಸುತ್ತು ಹಾಕಿದರು. ಮುಂದಿನ ಸಲ ಬಂದಾಗ ಮತ್ತೆ ಅದೇ ಫಾರಂ. ಇಷ್ಟು ವರ್ಷ ಇಲ್ಲದ ಕಾಗದ ಈಗೇಕೆ ಎಂದು ಯೋಚಿಸಿ 'ಕೊಡುವುದಿಲ್ಲ' ಎಂಬುದಕ್ಕೆ ಸುತ್ತು ಹಾಕಿ ಮನೆಗೆ ಹೋದರು. ಆಮೇಲೆ ಫಾರಂ ಸರಿಯಾಗಿ ತುಂಬಿಲ್ಲ, ಮತ್ತೆ ಸಹಿ ಮಾಡಿ ಎಂದು ಅವರ ಹಿಂದೆ ಬಿದ್ದರು. ಮೂರ್ ಆ ಕಾಗದವನ್ನು ವಕೀಲರ ಕೈಗೆ ಕೊಟ್ಟರು. ಆಗ ಮೋ ಎಂಬ ಹೆಸರು ಬೆಳಕಿಗೆ ಬಂತು. ತಮ್ಮ ಹೆಸರಿನ ಅಕ್ಷರಗಳನ್ನು ಹೊತ್ತ ಜೀವಕೋಶಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖನಗಳು ಬಂದು ವರ್ಷಗಳೇ ಆಗಿದ್ದವು. 1984ರ ಮಾರ್ಚ್ 20ರಂದು ಪೇಟೆಂಟ್ ಮಂಜೂರಾಯಿತು. ಅದೇ ವರ್ಷ ಮೂರ್ ಮೊಕದ್ದಮೆ ಹೂಡಿದರು.

ಕೋರ್ಟಿಗೆ ಹೋಗುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು. ಈ ಕೋಶಗಳು ಹಾಗೇಕೆ ಸುರಿಸುತ್ತಿದ್ದವು? ಮೊಕದ್ದಮೆ ನಡೆಯುತ್ತಿದ್ದ ವರ್ಷಗಳಲ್ಲೇ ಇದರ ಉತ್ತರವೂ ತುಂಡು ತುಂಡಾಗಿ ಸಿಗುತ್ತಿತ್ತು. ನನಗಂತೂ ಈ ಕಥೆಯಲ್ಲಿ ಕೋರ್ಟಿಗಿಂತ ಇದೇ ಹೆಚ್ಚು ರುಚಿಸಿದ್ದು.

1982ರಲ್ಲಿ ವಿ. ಎಸ್. ಕಲ್ಯಾಣರಾಮನ್, ರಾಬರ್ಟ್ ಗ್ಯಾಲೊ ಮತ್ತು ಸಂಗಡಿಗರು ಮೋ ಕೋಶಗಳೊಳಗೆ ಒಂದು ಹೊಸ ವೈರಸ್ ಇರುವುದನ್ನು ಪ್ರಕಟಿಸಿದರು. ಅದಕ್ಕೆ ಎಚ್‌ಟಿಎಲ್‌ವಿ-2 ಎಂದು ಹೆಸರಿಟ್ಟರು. ಆ ಲೇಖನದಲ್ಲಿ ಗೋಲ್ಡಿಯವರ ಹೆಸರೂ ಇದೆ. ಈ ವೈರಸ್ ಟಿ ಕೋಶಗಳೊಳಗೆ ಹೊಕ್ಕು ಅಲ್ಲೇ ಮನೆ ಮಾಡುತ್ತದೆ. ಹೊಕ್ಕ ಮೇಲೆ 'ಟ್ಯಾಕ್ಸ್' ಎಂಬ ಪ್ರೋಟೀನ್ ತಯಾರಿಸುತ್ತದೆ. (ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ.)

1986ರಲ್ಲಿ ಭಾರತ ಮೂಲದ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ರೋಗ ನಿರೋಧಕ ಕೋಶಗಳಲ್ಲಿ ಒಂದು ಸ್ವಿಚ್ ಕಂಡುಹಿಡಿದರು. ಅದರ ಹೆಸರು ಎನ್‌ಎಫ್-ಕಪ್ಪಾ-ಬಿ. ಇದು ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಪಂಪ್‌ಸೆಟ್ಟಿನ ಸ್ಟಾರ್ಟರ್ ಇಟ್ಟುಕೊಂಡು ಹೇಳಬಹುದು. ಸೈಟೊಕೈನ್ ತಯಾರಿಸುವ ಜೀನ್ ನಮ್ಮ ಎಲ್ಲ ಜೀವಕೋಶಗಳಲ್ಲೂ ಇದೆ, ಬಾವಿಯಲ್ಲಿ ಇಳಿಬಿಟ್ಟ ಮೋಟರಿನ ಹಾಗೆ. ಆದರೆ ಅದು ಸುಮ್ಮನೆ ಕುಳಿತಿರುತ್ತದೆ. ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ಚನ್ನು ಇನ್ನೊಂದು ಪ್ರೋಟೀನ್ ಗಟ್ಟಿಯಾಗಿ ಹಿಡಿದು ನಿಲ್ಲಿಸಿರುತ್ತದೆ. ಹೊರಗಿನಿಂದ ಸುದ್ದಿ ಬಂದಾಗ, ಅಂದರೆ ಬೇರೆ ಕೋಶ ಕಳಿಸಿದ ಸೈಟೊಕೈನ್ ಬಂದು ಬಾಗಿಲು ತಟ್ಟಿದಾಗ, ಹಿಡಿದಿದ್ದ ಪ್ರೋಟೀನ್ ಮುರಿದುಬೀಳುತ್ತದೆ. ಸ್ವಿಚ್ ಒಳಗೆ ಹೋಗಿ ಜೀನಿನ ಮೇಲೆ ಕೂರುತ್ತದೆ. ಮೋಟರ್ ಆನ್. ನೀರು ಬಂತು.

ಜಾಣತನ ಇರುವುದು ಮುಂದೆ. ಸ್ವಿಚ್ ಆನ್ ಮಾಡುವ ಜೀನ್‌ಗಳಲ್ಲಿ ಅದನ್ನು ಹಿಡಿದು ನಿಲ್ಲಿಸುವ ಪ್ರೋಟೀನಿನ ಜೀನೂ ಒಂದು. ಮೋಟರ್ ಓಡುತ್ತಿದ್ದಂತೆ ಆಫ್ ಮಾಡುವವನೂ ತಯಾರಾಗುತ್ತಾನೆ. ಸ್ವಲ್ಪ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಗಾಯ ಮಾಗಿದ ಮೇಲೆ ಊತ ಇಳಿಯುವುದರಲ್ಲಿ ಇಂಥ ವ್ಯವಸ್ಥೆಗಳ ಪಾಲಿದೆ.

ವೈರಸ್ಸಿನ ಟ್ಯಾಕ್ಸ್ ಪ್ರೋಟೀನ್ ಮಾಡುವ ಕಿತಾಪತಿ ಇಲ್ಲೇ. ಯಾವ ಸುದ್ದಿಯೂ ಬರದಿದ್ದರೂ ಅದು ಈ ಸ್ವಿಚ್ಚನ್ನು ಒತ್ತಿ ಹಿಡಿಯುತ್ತದೆ. ಸ್ಟಾರ್ಟರಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಆಫ್ ಗುಂಡಿ ಒತ್ತಿದರೂ ಮೋಟರ್ ನಿಲ್ಲುವುದಿಲ್ಲವಲ್ಲ, ಹಾಗೆ. ಎಚ್‌ಟಿಎಲ್‌ವಿಯ ಟ್ಯಾಕ್ಸ್ ಪ್ರೋಟೀನ್ ಜಿಎಂ-ಸಿಎಸ್‌ಎಫ್ ಜೀನಿನ ಸ್ವಿಚ್ಚನ್ನು ಒತ್ತುತ್ತದೆ ಎಂಬುದನ್ನು 1980ರ ದಶಕದ ಕೊನೆಯಲ್ಲಿ ಯುಸಿಎಲ್‌ಎ ಸಂಶೋಧಕರೇ ತೋರಿಸಿದರು.

ಲ್ಯುಕೇಮಿಯಾ ಇರುವವರೆಲ್ಲರಲ್ಲೂ ವೈರಸ್ ಇರುತ್ತದೆ ಎಂದು ತಿಳಿಯಬೇಡಿ. ಹೆಚ್ಚಿನವರಲ್ಲಿ ಇರುವುದಿಲ್ಲ. ರಕ್ತ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯೂ ಅಲ್ಲ. ಆದರೆ ಸ್ವಿಚ್ ಕೈತಪ್ಪುವ ಸಂಗತಿ ಬೇರೆ ಲ್ಯುಕೇಮಿಯಾಗಳಲ್ಲೂ ಕಂಡಿತು. 1986ರಲ್ಲಿ ಡಿ. ಸಿ. ಯಂಗ್ ಮತ್ತು ಜೆ. ಡಿ. ಗ್ರಿಫಿನ್ ಎಂಬ ಸಂಶೋಧಕರು ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ ಕೆಲವು ರೋಗಿಗಳ ಕೋಶಗಳು ಜಿಎಂ-ಸಿಎಸ್‌ಎಫ್ ಅನ್ನು ತಾವೇ ತಯಾರಿಸಿ ತಾವೇ ಬಳಸಿಕೊಳ್ಳುತ್ತವೆ ಎಂದು ತೋರಿಸಿದರು. ಬೆಳೆ ತನ್ನ ಗೊಬ್ಬರವನ್ನು ತಾನೇ ಮಾಡಿಕೊಂಡ ಹಾಗೆ. ಮುಂದೆ ಬಂದ ಅಧ್ಯಯನಗಳಲ್ಲಿ ಐಎಲ್-1, ಟಿಎನ್‌ಎಫ್ ಎಂಬ ಸೈಟೊಕೈನ್‌ಗಳು ತಾಕಿದರೆ ಆ ಕೆಟ್ಟ ಕೋಶಗಳು ಇನ್ನಷ್ಟು ಜಿಎಂ-ಸಿಎಸ್‌ಎಫ್ ತಯಾರಿಸುವುದೂ, ಐಎಲ್-10 ಎಂಬುದು ತಾಕಿದರೆ ಕಡಿಮೆ ಮಾಡುವುದೂ ಕಂಡುಬಂತು. ಒಂದು ಸುದ್ದಿ ಇನ್ನೊಂದು ಸುದ್ದಿಯನ್ನು ಹೆಚ್ಚಿಸುತ್ತದೆ, ಮತ್ತೊಂದು ತಗ್ಗಿಸುತ್ತದೆ. ಕ್ಯಾನ್ಸರ್ ಕೋಶ ಈ ಊರಿನ ಭಾಷೆಯನ್ನು ಮರೆತಿರುವುದಿಲ್ಲ, ಅದನ್ನು ತನ್ನ ಲಾಭಕ್ಕೆ ಬಳಸುತ್ತಿರುತ್ತದೆ.

ಅತ್ತ ಮೋ ಕೋಶಗಳಿಂದ ಕೆಲಸ ಭರದಿಂದ ಸಾಗಿತ್ತು. 1984ರಲ್ಲಿ ಗೋಲ್ಡಿಯವರ ತಂಡ ಮನುಷ್ಯನ ಜಿಎಂ-ಸಿಎಸ್‌ಎಫ್ ಶುದ್ಧಗೊಳಿಸಿತು. 1985ರಲ್ಲಿ ಜೆನೆಟಿಕ್ಸ್ ಇನ್‌ಸ್ಟಿಟ್ಯೂಟ್ ಅದರ ಜೀನನ್ನು ಹಿಡಿದು ಪ್ರತಿ ಮಾಡಿತು. ಒಮ್ಮೆ ಜೀನ್ ಸಿಕ್ಕಿತೆಂದರೆ ಆಮೇಲೆ ಯಾರ ಗುಲ್ಮವೂ ಬೇಕಿಲ್ಲ. ಬ್ಯಾಕ್ಟೀರಿಯಾ, ಯೀಸ್ಟ್‌ಗಳಲ್ಲಿ ಸೇರಿಸಿ ಬೇಕಾದಷ್ಟು ತಯಾರಿಸಬಹುದು.

ಈಗ ಕೋರ್ಟು. ಮೂರ್ ಅವರ ವಾದ ನೇರ. ನನ್ನ ಮೈಯ ಕೋಶ ನನ್ನ ಆಸ್ತಿ, ನನ್ನನ್ನು ಕೇಳದೆ ತೆಗೆದು ಹಣ ಮಾಡಿದ್ದೀರಿ, ಪಾಲು ಕೊಡಿ. ಜೊತೆಗೆ ಇನ್ನೊಂದು ವಾದ: ವೈದ್ಯರಾಗಿ ನಿಮಗೆ ಇದರಲ್ಲಿ ಬೇರೆ ಆಸಕ್ತಿ ಇದ್ದದ್ದನ್ನು ನನಗೆ ಹೇಳಬೇಕಿತ್ತು. ಕೆಳ ಕೋರ್ಟು ಮೊಕದ್ದಮೆಯನ್ನೇ ತಳ್ಳಿಹಾಕಿತು. 1988ರಲ್ಲಿ ಮೇಲ್ಮನವಿ ಕೋರ್ಟು ಮೂರ್ ಪರವಾಗಿ ನಿಂತು, ಕೋಶಗಳು ಅವರ ಆಸ್ತಿಯೇ ಎಂದಿತು. ಸಂಶೋಧನಾ ಲೋಕ ಬೆಚ್ಚಿತು. 1990ರ ಜುಲೈ 9ರಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ತೀರ್ಪು ಬಂತು.

ಮೊದಲ ವಾದದಲ್ಲಿ ಮೂರ್ ಸೋತರು. ಮೈಯಿಂದ ತೆಗೆದ ಮೇಲೆ ಕೋಶಗಳ ಮೇಲೆ ಅವರಿಗೆ ಒಡೆತನ ಇಲ್ಲ ಎಂದಿತು ಕೋರ್ಟು. ಪೇಟೆಂಟ್ ಆದ ಸೆಲ್ ಲೈನ್ ಸಂಶೋಧಕರ ಶ್ರಮದ ಫಲ, ಮೂರ್ ಮೈಯಲ್ಲಿದ್ದ ಕೋಶವೇ ಅಲ್ಲ. ಒಡೆತನ ಕೊಟ್ಟರೆ ಪ್ರತಿಯೊಂದು ಮಾದರಿಯ ಹಿಂದೆಯೂ ಮೊಕದ್ದಮೆ ಬರುತ್ತದೆ, ಸಂಶೋಧನೆ ನಿಂತುಹೋಗುತ್ತದೆ. ಇವೆಲ್ಲದರ ಜೊತೆಗೆ ಕೋರ್ಟು ಹೇಳಿದ ಇನ್ನೊಂದು ಕಾರಣ ವಿಜ್ಞಾನದ್ದು. ಲಿಂಫೋಕೈನ್ ತಯಾರಿಸುವ ಜೀನ್ ಎಲ್ಲ ಮನುಷ್ಯರಲ್ಲೂ ಒಂದೇ. ಬೆನ್ನೆಲುಬಿನಲ್ಲಿ ಎಷ್ಟು ಮೂಳೆ ಇವೆ, ಹಿಮೋಗ್ಲೋಬಿನ್ನಿನ ರಚನೆ ಏನು ಎಂಬುದು ಹೇಗೆ ಒಬ್ಬನ ಸೊತ್ತಲ್ಲವೋ ಇದೂ ಹಾಗೆಯೇ.

ಇದು ಸರಿಯೇ? ಜೀನ್ ಎಲ್ಲರಲ್ಲೂ ಒಂದೇ ಎಂಬುದು ನಿಜ. ಆದರೆ ಕಂಪನಿಗಳು ಹಣ ಸುರಿದದ್ದು ಜೀನ್ ನೋಡಿ ಅಲ್ಲ. ಹಾಗಿದ್ದರೆ ಯಾರ ಕೋಶವಾದರೂ ಆಗುತ್ತಿತ್ತು, ಸಿಯಾಟಲ್‌ನಿಂದ ಒಬ್ಬ ರೋಗಿಯನ್ನು ಏಳು ವರ್ಷ ಓಡಾಡಿಸಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಅಂಟಿಕೊಂಡ ಸ್ವಿಚ್, ನಿಲ್ಲದ ಮೋಟರ್. ಮೂರ್ ಅವರ ಕೋಶಗಳು ಲಿಂಫೋಕೈನ್‌ಗಳನ್ನು ಅತಿಯಾಗಿ ತಯಾರಿಸುತ್ತಿದ್ದುದರಿಂದಲೇ ಜೀನ್ ಹುಡುಕುವುದು ಸುಲಭವಾಯಿತು ಎಂದು ಅದೇ ತೀರ್ಪಿನ ಅಡಿಟಿಪ್ಪಣಿಯಲ್ಲಿ ಇದೆ. ಜೀನ್ ಎಲ್ಲರದು, ಸರಿ. ಕೆಟ್ಟ ಸ್ವಿಚ್ ಅವರದು, ಅದರ ನೋವು ಉಂಡವರೂ ಅವರೇ. ಪ್ರತಿವಾದಿಯ ವಕೀಲರು ಚುರುಕಾಗಿದ್ದರೆ ಸ್ವಿಚ್ ಕೆಡಿಸಿದ್ದು ವೈರಸ್, ಅದೂ ಮೂರ್ ಅವರದಲ್ಲ ಎನ್ನಬಹುದಿತ್ತು ಅನ್ನಿ. ಹಾಗೆ ಹೊರಟರೆ ನಮ್ಮ ಮೈಯಲ್ಲಿ ನಮ್ಮದೆಂದು ಏನು ಉಳಿಯುತ್ತದೋ!

ನ್ಯಾಯಮೂರ್ತಿಗಳಲ್ಲೂ ಒಮ್ಮತ ಇರಲಿಲ್ಲ. ಅರೇಬಿಯನ್ ಎಂಬ ನ್ಯಾಯಮೂರ್ತಿ ತೀರ್ಪಿಗೆ ಒಪ್ಪುತ್ತಲೇ, ಮನುಷ್ಯನ ದೇಹವನ್ನು ಸಂತೆಯ ಸರಕು ಮಾಡಲು ನಮ್ಮನ್ನು ಕೇಳುತ್ತಿದ್ದಾರೆ ಎಂದು ಕಳವಳಪಟ್ಟರು. ಮಾಸ್ಕ್ ಎಂಬ ನ್ಯಾಯಮೂರ್ತಿ ಒಪ್ಪಲಿಲ್ಲ. ವೈದ್ಯರು, ವಿಶ್ವವಿದ್ಯಾಲಯ, ಕಂಪನಿ ಎಲ್ಲರೂ ಲಾಭ ಪಡೆಯಬಹುದಂತೆ, ಕೋಶ ಕೊಟ್ಟವನೊಬ್ಬ ಮಾತ್ರ ಪಡೆಯಬಾರದಂತೆ, ಇದು ಯಾವ ನ್ಯಾಯ ಎಂಬುದು ಅವರ ಭಿನ್ನ ತೀರ್ಪಿನ ತಿರುಳು. ಅರೇಬಿಯನ್ ಅವರ ಕಳವಳ ದೊಡ್ಡದೇ, ಆದರೆ ಸಂತೆ ಆಗಲೇ ಕೂಡಿತ್ತು. ಷೇರು ಹಂಚಿಕೆ ಆಗಿತ್ತು. ನನ್ನ ಮಟ್ಟಿಗೆ ಮಾಸ್ಕ್ ಅವರ ಮಾತೇ ಸರಿ ಕಾಣುತ್ತದೆ.

ಎರಡನೆಯ ವಾದದಲ್ಲಿ ಮೂರ್ ಗೆದ್ದರು. ರೋಗಿಯ ಒಪ್ಪಿಗೆ ಕೇಳುವಾಗ ವೈದ್ಯರು ತಮಗೆ ಅದರಲ್ಲಿ ಸಂಶೋಧನೆಯ ಆಸಕ್ತಿ ಇದೆಯೇ, ಹಣದ ಆಸಕ್ತಿ ಇದೆಯೇ ಎಂಬುದನ್ನು ತಿಳಿಸಬೇಕು. ಚಿಕಿತ್ಸೆ ಸರಿಯಾಗಿದ್ದರೂ ತಿಳಿಸಬೇಕು. ತಿಳಿಸದೆ ಪಡೆದ ಒಪ್ಪಿಗೆ ಪೂರ್ಣ ಒಪ್ಪಿಗೆಯಲ್ಲ. ಈ ಅಂಶದ ಮೇಲೆ ಮೊಕದ್ದಮೆ ಮುಂದುವರಿಯಲಿ ಎಂದು ಕೋರ್ಟು ಹೇಳಿತು. ಆಮೇಲೆ ಅದು ರಾಜಿಯಲ್ಲಿ ಮುಗಿಯಿತು. ಮೂರ್ 2001ರಲ್ಲಿ ತೀರಿಕೊಂಡರು, ಗೋಲ್ಡಿ 2004ರಲ್ಲಿ.

300 ಕೋಟಿ ಡಾಲರಿನ ಮೋ ಸಂತೆ ಅಂದುಕೊಂಡ ಹಾಗೆ ನಡೆಯಲಿಲ್ಲ. 1991ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜಿಎಂ-ಸಿಎಸ್‌ಎಫ್ ಔಷಧ ಇಮ್ಯುನೆಕ್ಸ್ ಎಂಬ ಬೇರೆ ಕಂಪನಿಯದು, ಯೀಸ್ಟ್‌ನಲ್ಲಿ ತಯಾರಿಸಿದ್ದು. ಅದೇ ವರ್ಷ ಅದರ ಸೋದರ ಜಿ-ಸಿಎಸ್‌ಎಫ್ ಕೂಡ ಬಂತು. ಕಿಮೋ ಆದ ಮೇಲೆ ಬಿಳಿ ರಕ್ತಕಣ ಇಳಿದಿದೆ, ಏರಿಸಲು ಇಂಜೆಕ್ಷನ್ ಬೇಕು ಎಂದು ನಮ್ಮ ಆಸ್ಪತ್ರೆಗಳಲ್ಲಿ ಬರೆದುಕೊಡುವುದು ಹೆಚ್ಚಾಗಿ ಈ ಜಿ-ಸಿಎಸ್‌ಎಫ್. ಈಗ ಇದನ್ನು ಭಾರತದ ಕಂಪನಿಗಳೂ ತಯಾರಿಸುತ್ತವೆ. ಇನ್ನು ಹೇರಿ ಸೆಲ್ ಲ್ಯುಕೇಮಿಯಾಗೆ ಮೊದಲು ಹಿಡಿತಕ್ಕೆ ಬಂದ ಔಷಧವೂ ಒಂದು ಸೈಟೊಕೈನೇ. 1984ರಲ್ಲಿ ಇಂಟರ್‌ಫೆರಾನ್ ಕೊಟ್ಟಾಗ ರೋಗ ಹಿಂದೆ ಸರಿದದ್ದು ವರದಿಯಾಯಿತು, 1986ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಆಮೇಲೆ ಅದಕ್ಕಿಂತ ಉತ್ತಮ ಔಷಧಗಳು ಬಂದವು. ಈಗ ಈ ಕಾಯಿಲೆಗೆ ಗುಲ್ಮ ತೆಗೆಯುವುದು ಅಪರೂಪ.

ಕ್ಯಾಲಿಫೋರ್ನಿಯಾದ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಒಪ್ಪಿಗೆ ಪತ್ರದ ಪ್ರಶ್ನೆ ನಮ್ಮಲ್ಲೂ ಬಂದಿದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಆಪರೇಷನ್ನಿಗೆ ಕೊಟ್ಟ ಒಪ್ಪಿಗೆ ಎಂದು ಎಣಿಸುವಂತಿಲ್ಲ ಎಂದಿತು. ಸಂಶೋಧನೆಗಾಗಿ ರಕ್ತ, ಅಂಗಾಂಶ ತೆಗೆದುಕೊಳ್ಳುವ ಬಗ್ಗೆ ಐಸಿಎಂಆರ್ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸಂಶೋಧನೆಯ ಒಪ್ಪಿಗೆ ಪತ್ರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಪತ್ರದ ಒಂದು ಪ್ರತಿ ರೋಗಿಗೆ ಸಿಗಬೇಕು. ಮಾದರಿಯಿಂದ ಮುಂದೆ ವ್ಯಾಪಾರದ ಉತ್ಪನ್ನ ಬಂದರೆ ಲಾಭದ ಹಂಚಿಕೆ ಹೇಗೆ ಎಂಬುದನ್ನೂ ತಿಳಿಸಬೇಕು. ಬೇಡವೆನಿಸಿದರೆ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆ ನಿಲ್ಲುವಂತಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ ಇಂಗ್ಲಿಷಿನ ನಾಲ್ಕು ಹಾಳೆ ಮುಂದಿಟ್ಟು ಇಲ್ಲಿ ಇಲ್ಲಿ ಸಹಿ ಮಾಡಿ ಎಂದಾಗ, ಇದರಲ್ಲಿ ಚಿಕಿತ್ಸೆಯದು ಯಾವುದು, ಸಂಶೋಧನೆಯದು ಯಾವುದು ಎಂದು ಕೇಳಬಹುದು. ತೆಗೆದದ್ದು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬಹುದು. ಮಾದರಿ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಮೂರ್ ಕೂಡ ಕೊಡುವುದಿಲ್ಲ ಎಂದು ಜಗಳ ಶುರು ಮಾಡಿದವರಲ್ಲ. 1976ರಲ್ಲಿ ಅವರನ್ನು ಯಾರೂ ಕೇಳಿರಲೇ ಇಲ್ಲ.